ಅಜ್ಜನ ಮುಡಿ ಅಕ್ಕಿ, ಸರಕಾರದ ವರ್ಷಾಶನ

ಬೆಂಗಳೂರಿನಲ್ಲಿ ಕೂತು ನೀವು ಕೇಳಿದ್ದು ಇಷ್ಟು: ಕಾಸರಗೋಡಿನಲ್ಲಿ ಇಗರ್ಜಿಯ (ಚರ್ಚಿನ) ಶಾಲೆಗೆ ಸರಕಾರವೇ ಸಂಬಳ ಕೊಡುತ್ತದಂತೆ, ದೇವಸ್ಥಾನಕ್ಕೂ ದುಡ್ಡು ಬರುತ್ತದಂತೆ, ಮದ್ರಸದ ಉಸ್ತಾದರಿಗೂ ಪೆನ್ಶನ್ ಅಂತೆ, ಹಾಗಾದರೆ ಜಾತ್ಯತೀತ ಎಂದು ಹೇಳಿಕೊಳ್ಳುವುದು ಯಾಕೆ? ಮೂರು ‘ಅಂತೆ’ಗಳಲ್ಲೂ ಸ್ವಲ್ಪ ಸ್ವಲ್ಪ ಸತ್ಯ ಉಂಟು. ಆದರೆ ಮೂರೂ ಒಂದೇ ಬಗೆಯ ದುಡ್ಡಲ್ಲ. ಬಿಡಿಸಿ ಹೇಳಬೇಕಾದರೆ ನನ್ನ ಅಜ್ಜನ ಗದ್ದೆಯಿಂದಲೇ ಶುರು ಮಾಡಬೇಕು.

ಅಜ್ಜ ಊರ ದೇವಸ್ಥಾನದ ಒಕ್ಕಲು. ಕೊಯ್ಲು ಮುಗಿದ ಮೇಲೆ ಗೇಣಿಯ ಅಕ್ಕಿಯನ್ನು ಮುಡಿ ಕಟ್ಟಿ ತಲೆಯ ಮೇಲೆ ಹೊತ್ತು ಗದ್ದೆಯ ಹುಣಿಯಲ್ಲಿ ನಡೆದು ದೇವಸ್ಥಾನಕ್ಕೆ ಮುಟ್ಟಿಸುತ್ತಿದ್ದರು. ಮುಡಿ ನೀವು ನೋಡಿರಲಿಕ್ಕಿಲ್ಲ. ಬೈಹುಲ್ಲು ಹಾಸಿ, ಅದರಲ್ಲಿ ಅಕ್ಕಿ ತುಂಬಿ, ಹುಲ್ಲಿನ ಹಗ್ಗದಿಂದ ಬಿಗಿದು ಚೆಂಡಿನ ಹಾಗೆ ಮಾಡುವುದು. ಕೈಪಳಗಿದವರು ಕಟ್ಟಿದ್ದಾದರೆ ಅಂಗಳದಲ್ಲಿ ಉರುಳಿಸಿದರೂ ಒಂದು ಕಾಳು ಹೊರಗೆ ಬೀಳದು. ದೇವರ ನೈವೇದ್ಯ, ಅರ್ಚಕರ ಪಡಿ, ವಾದ್ಯದವರ ಪಾಲು ಎಲ್ಲ ಆ ಮುಡಿಗಳಿಂದಲೇ ನಡೆಯುತ್ತಿತ್ತು.

1970ರ ಜನವರಿ 1ಕ್ಕೆ ಕೇರಳದಲ್ಲಿ ಗೇಣಿ ಪದ್ಧತಿಯೇ ಹೋಯಿತು. ಉತ್ತವನೇ ಒಡೆಯ. ಗದ್ದೆ ಅಜ್ಜನದಾಯಿತು, ಮುಡಿ ಹೊರುವುದು ನಿಂತಿತು. ಹಾಗಾದರೆ ನೈವೇದ್ಯದ ಅಕ್ಕಿ ಎಲ್ಲಿಂದ? ಭೂಮಿ ಕಳೆದುಕೊಂಡ ಧಾರ್ಮಿಕ ಸಂಸ್ಥೆಗಳಿಗೆ ಸರಕಾರ ವರ್ಷಾಶನ, ಅಂದರೆ ವರ್ಷಕ್ಕಿಷ್ಟು ಎಂದು ದುಡ್ಡು, ಕೊಡಬೇಕೆಂದು ಕಾನೂನಿನಲ್ಲೇ ಬರೆದಿದ್ದರು. ನಮ್ಮ ದೇವಸ್ಥಾನಕ್ಕೆ ಬರುವ ಸರಕಾರಿ ದುಡ್ಡಿನಲ್ಲಿ ಅದೂ ಒಂದು. ನೀವು ಅದನ್ನು ದಾನ ಎಂದು ಎಣಿಸಿದ್ದೀರಿ. ಅದು ದಾನವಲ್ಲ, ನಾನು ಇವತ್ತು ಉಣ್ಣುವ ಗದ್ದೆಯ ಕ್ರಯದ ಕಂತು. ದೇವಸ್ಥಾನದ ಆಡಳಿತ ನೋಡುತ್ತಿದ್ದ ಹಿಂದಿನ ಮೊಕ್ತೇಸರರು ಅಪ್ಪನ ಹತ್ತಿರ ಹೇಳುತ್ತಿದ್ದರು, “ಆ ದುಡ್ಡಿಗೆ ದೀಪದ ಎಣ್ಣೆ ಹದಿನೈದು ದಿನಕ್ಕೂ ಸಾಲದು ಮಾರಾಯರೇ, ನಿಮ್ಮ ಅಪ್ಪನ ಮುಡಿಯೇ ಚಂದ ಇತ್ತು” ಎಂದು. ಅಪ್ಪ ನಗುತ್ತಿದ್ದರು. ಗದ್ದೆ ಮರಳಿ ಕೊಡುವ ಮಾತು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ಇದೇ ಭೂಸುಧಾರಣೆ ಕಾನೂನನ್ನು ಪ್ರಶ್ನಿಸಿ 1970ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದವರು ಇಲ್ಲಿಯವರೇ, ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ. ಕಾನೂನು ಓದಿದವರಿಗೆಲ್ಲ ಆ ಹೆಸರು ಗೊತ್ತು. ಎಡನೀರು ಎಲ್ಲಿ ಎಂದು ಕೇಳಿದರೆ ತಲೆ ಕೆರೆಯುತ್ತಾರೆ. ಕಾಸರಗೋಡು ಪೇಟೆಯಿಂದ ಮೂಡಲಿಗೆ ಚೆರ್ಕಳ ಕಳೆದು ಸ್ವಲ್ಪ ಮುಂದೆ, ಅಷ್ಟೇ. 13 ಮಂದಿ ನ್ಯಾಯಮೂರ್ತಿಗಳು 68 ದಿನ ವಾದ ಕೇಳಿ 1973ರ ಏಪ್ರಿಲ್ 24ರಂದು ತೀರ್ಪು ಕೊಟ್ಟರು. ಏಳು ಮಂದಿ ಒಂದು ಕಡೆ, ಆರು ಮಂದಿ ಇನ್ನೊಂದು ಕಡೆ. ಸಂವಿಧಾನದ ಮೂಲ ಸ್ವರೂಪಕ್ಕೆ ಪಾರ್ಲಿಮೆಂಟೂ ಕೈಹಾಕುವಂತಿಲ್ಲ ಎಂದಾಯಿತು. ಆ ಮೂಲ ಸ್ವರೂಪದಲ್ಲಿ ಏನೇನು ಸೇರುತ್ತದೆ ಎಂದು ಪಟ್ಟಿ ಮಾಡುವಾಗ ಮುಖ್ಯ ನ್ಯಾಯಮೂರ್ತಿ ಸಿಕ್ರಿ ಅವರು ಸಂವಿಧಾನದ ಜಾತ್ಯತೀತ ಗುಣವನ್ನೂ ಸೇರಿಸಿದರು. ಪೀಠಿಕೆಯಲ್ಲಿ ಆ ಶಬ್ದ ಬಂದದ್ದು 1976ರಲ್ಲಿ. ಅಂದರೆ ಮಠವೊಂದು ತನ್ನ ಜಾಗಕ್ಕಾಗಿ ಹೂಡಿದ ದಾವೆಯಿಂದ ದೇಶದ ಜಾತ್ಯತೀತತೆಗೆ ಬೇಲಿ ಸಿಕ್ಕಿತು, ಜಾಗ ಮಾತ್ರ ಮಠಕ್ಕೆ ಸಿಗಲಿಲ್ಲ.

ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಹೋದರೆ ಇಂಥ ದುಡ್ಡಿಗೆ ತಸ್ತೀಕು ಎನ್ನುತ್ತಾರೆ, ಕೊಡುವುದು ಮುಜರಾಯಿ ಇಲಾಖೆ. ನಮ್ಮ ಮಧೂರಿನಂಥ ದೇವಸ್ಥಾನಗಳನ್ನು ನೋಡಿಕೊಳ್ಳುವುದು 2008ರಲ್ಲಿ ಬಂದ ಮಲಬಾರ್ ದೇವಸ್ವಂ ಬೋರ್ಡ್. ಅದರ ಬುಡದಲ್ಲಿರುವ ಕಾನೂನು ಮದ್ರಾಸಿನದ್ದು, 1951ರದ್ದು; ನಾವು ಆಗ ದಕ್ಷಿಣ ಕನ್ನಡ ಜಿಲ್ಲೆಯೊಳಗೆ ಮದ್ರಾಸಿಗೆ ಸೇರಿದ್ದೆವಲ್ಲ. ತಂತ್ರಿಗಳು ಒಬ್ಬರೇ ಎರಡೂ ಕಡೆ ಕಲಶ ಮಾಡಿಸುವುದುಂಟು, ಲೆಕ್ಕಪುಸ್ತಕ ಮಾತ್ರ ಬೇರೆ ಬೇರೆ ಸರಕಾರಕ್ಕೆ ಹೋಗುತ್ತದೆ. ತೆಂಕಣ ತಿರುವಿದಾಂಕೂರಿನವರ ಕಥೆ ಇನ್ನೂ ಬೇರೆ. ಅಲ್ಲಿನ ದೇವಸ್ವಂ ನಿಧಿಗೆ ವರ್ಷಕ್ಕೆ 46.5 ಲಕ್ಷ ರೂಪಾಯಿ ಕೊಡಬೇಕೆಂದು ಸಂವಿಧಾನದ 290ಎ ವಿಧಿಯಲ್ಲೇ ಬರೆದಿಟ್ಟಿದ್ದಾರೆ. ಅದರ ಹಿಂದೆಯೂ ರಾಜರ ಕಾಲದಲ್ಲಿ ಸರಕಾರಕ್ಕೆ ಸೇರಿಹೋದ ದೇವಸ್ಥಾನದ ಭೂಮಿಯ ಕಥೆ ಉಂಟು. ನಮ್ಮ ಬಡಗಣ ದೇವರುಗಳ ಹೆಸರು ಸಂವಿಧಾನದಲ್ಲಿಲ್ಲ.

2021ರಲ್ಲಿ ಗಡಿಯಾಚೆ ಒಂದು ಗಲಾಟೆ ಎದ್ದದ್ದು ನಿಮಗೆ ನೆನಪಿರಬಹುದು. ಮುಜರಾಯಿಯಿಂದ ಕೆಲವು ಮಸೀದಿಗಳಿಗೂ ತಸ್ತೀಕು ಹೋಗುತ್ತದೆ ಎಂದು ಆಕ್ಷೇಪ ಬಂತು, ಸಚಿವರು ತಡೆಹಿಡಿದರು. ದೇವಸ್ಥಾನದ ಇಲಾಖೆಯಿಂದ ಯಾಕೆ, ಬೇರೆ ಲೆಕ್ಕದಲ್ಲಿ ಕೊಡಿ ಎಂದರೆ ನನ್ನದೂ ತಕರಾರಿಲ್ಲ. ಆದರೆ ಇನಾಮು ಭೂಮಿ ಹೋದದ್ದಕ್ಕೆ ಬರುವ ಹಣವಾದರೆ ಅದು ಸಾಲ, ಸಾಲ ಕೊಟ್ಟವನ ದೇವರು ಯಾರು ಎಂದು ಕೇಳುವ ಕ್ರಮ ಇಲ್ಲ.

ಉಸ್ತಾದರ ವಿಷಯ ಬೇಗ ಮುಗಿಯುತ್ತದೆ. ಮದ್ರಸದ ಸಂಬಳ ಕೊಡುವುದು ಜಮಾಅತ್ ಕಮಿಟಿ, ಖಜಾನೆಯಲ್ಲ. ಪೆನ್ಶನ್ ಇರುವುದು ಕ್ಷೇಮನಿಧಿಯಿಂದ, 2019ರ ಕಾಯ್ದೆಯಂತೆ. ಅದಕ್ಕೆ ಉಸ್ತಾದರೂ ಕಮಿಟಿಯೂ ವಂತಿಗೆ ಕಟ್ಟುತ್ತಾರೆ. ವಾಟ್ಸಾಪಿನಲ್ಲಿ ಬಂದದ್ದನ್ನು ನನಗೆ ಕಳಿಸಬೇಡಿ.

ನಿಜವಾಗಿ ದೊಡ್ಡ ದುಡ್ಡು ಇರುವುದು ಶಾಲೆಗಳಲ್ಲಿ. ನಾನು ಕಲಿತದ್ದು ಇಗರ್ಜಿಯ ಎಯ್ಡೆಡ್ (ಸರಕಾರದ ಅನುದಾನ ಪಡೆಯುವ) ಶಾಲೆ, ಕನ್ನಡ ಮೀಡಿಯಂ. ಬಿಷಪರು ಇರುವುದು ಮಂಗಳೂರಿನಲ್ಲಿ, ಸಂಬಳ ಬರುವುದು ತಿರುವನಂತಪುರದಿಂದ, ಸಿಸ್ಟರುಗಳು ತಮ್ಮೊಳಗೆ ಮಾತಾಡುವುದು ಕೊಂಕಣಿ. ವಾರಕ್ಕೊಮ್ಮೆ ಕಡೆಯ ಪಿರಿಯಡ್‌ಗೆ ಕ್ರಿಶ್ಚನ್ ಮಕ್ಕಳು ಪುಸ್ತಕ ಹಿಡಿದು ಎದುರಿನ ಕೋಣೆಗೆ ಹೋಗುತ್ತಿದ್ದರು, ಉಳಿದ ನಮಗೆ ನೀತಿಪಾಠ. ನಮಗೆ ಕತೆ, ಅವರಿಗೆ ಬಾಯಿಪಾಠ. ಹಾಗಾಗಿ ಅವರಿಗೆ ನಮ್ಮ ಮೇಲೆ ಹೊಟ್ಟೆಕಿಚ್ಚು. ಆ ಎರಡು ಕೋಣೆಗಳ ಹಿಂದೆ ಸಂವಿಧಾನದ 28ನೇ ವಿಧಿ ಇದೆ ಎಂದು ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಅನುದಾನ ಪಡೆಯುವ ಶಾಲೆ ಮತಬೋಧನೆ ಮಾಡಬಹುದು. ಒಪ್ಪಿಗೆ ಇಲ್ಲದವರನ್ನು, ಮಕ್ಕಳಾದರೆ ಪೋಷಕರ ಒಪ್ಪಿಗೆ ಇಲ್ಲದೆ, ಕೂರಿಸುವಂತಿಲ್ಲ. ಪೂರ್ತಿ ಸರಕಾರಿ ಶಾಲೆಯಲ್ಲಾದರೆ ಬೋಧನೆಯೇ ಇಲ್ಲ. ಅನುದಾನದ ಈ ಏರ್ಪಾಡು ಹೊಸದೇನೂ ಅಲ್ಲ, 1854ರಲ್ಲಿ ಬ್ರಿಟಿಷರು ತಂದದ್ದು. ಲೌಕಿಕ ಪಾಠ ಸರಿಯಾಗಿ ನಡೆದರೆ ಸಾಕು, ಶಾಲೆ ಮಿಶನಿನದ್ದೋ ಮಠದ್ದೋ ಕೇಳುವುದಿಲ್ಲ ಎಂಬ ಲೆಕ್ಕ.

ನಮ್ಮ ತೋಟದ ಬೇಲಿಗಳಲ್ಲಿ ತಡಮೆ ಎಂದು ಇಡುತ್ತಾರೆ, ಮನುಷ್ಯರು ಕಾಲೆತ್ತಿ ದಾಟುವಷ್ಟು, ದನ ನುಗ್ಗದಷ್ಟು. ಅಮೆರಿಕದವರು ಇಗರ್ಜಿಗೂ ಸರಕಾರಕ್ಕೂ ನಡುವೆ ಗೋಡೆ ಎನ್ನುತ್ತಾರಲ್ಲ, ಇಲ್ಲಿರುವುದು ಈ ತಡಮೆ. ನನಗೆ ಅದರ ಮೇಲೆ ಸಿಟ್ಟಿಲ್ಲ. ಸಿಟ್ಟು ಇರುವುದು ದನಗಳು ಬೇರೆ ದಾರಿಯಿಂದ ಒಳಗೆ ಬಂದದ್ದಕ್ಕೆ. ಕೇರಳದಲ್ಲಿ ಎಯ್ಡೆಡ್ ಶಾಲೆಯ ಸಂಬಳ ಸರಕಾರದ್ದು, ನೇಮಕ ಮ್ಯಾನೇಜರರದ್ದು. ಪಿಎಸ್‌ಸಿ (ಲೋಕಸೇವಾ ಆಯೋಗ) ಪಟ್ಟಿಯಿಂದಲೇ ನೇಮಿಸಬೇಕೆಂದು ಮೊದಲ ಶಿಕ್ಷಣ ಕಾಯ್ದೆಯಲ್ಲಿತ್ತು. ಅದರ ವಿರುದ್ಧ ಎದ್ದ ಚಳವಳಿಯಲ್ಲಿ 1959ರಲ್ಲಿ ಸರಕಾರವೇ ಬಿತ್ತು, ಮರುವರ್ಷ ಆ ಕಲಮೂ ಹೋಯಿತು. ಇವತ್ತಿಗೂ ಅಲ್ಲಿ ಪರಿಶಿಷ್ಟರಿಗೆ ಮೀಸಲಾತಿ ಇಲ್ಲ.

ಚಿಕ್ಕಮ್ಮನ ಮಗಳು ಬಿಎಡ್ ಮುಗಿಸಿ ಒಂದು ಶಾಲೆಗೆ ಅರ್ಜಿ ಹಾಕಿದಳು. ಇಗರ್ಜಿಯದ್ದಲ್ಲ, ನಮ್ಮವರದೇ. ಪಾಠ ಮಾಡಿ ತೋರಿಸಿದಳು, ಚೆನ್ನಾಗಾಯಿತು ಎಂದರು. ಆಮೇಲೆ ಚಿಕ್ಕಪ್ಪನನ್ನು ಒಳಗೆ ಕರೆದು, ಕಟ್ಟಡಕ್ಕೆ ಎಷ್ಟು ಲಕ್ಷ ಆಗಬಹುದು ಎಂದು ಕೇಳಿದರು. ಚಿಕ್ಕಪ್ಪ ಅಡಿಕೆ ತೋಟದ ಲೆಕ್ಕ ಹಾಕುತ್ತಾ ಎದ್ದು ಬಂದರು. ಅವಳೀಗ ತಲಪಾಡಿ ದಾಟಿ ಮಂಗಳೂರಿನ ಒಂದು ಖಾಸಗಿ ಶಾಲೆಗೆ ಹೋಗುತ್ತಾಳೆ. ಸಂಬಳದಲ್ಲಿ ಒಂದು ಪಾಲು ಬಸ್ ಚಾರ್ಜಿಗೇ ಸರಿ.