ಓದುಗರ ಪ್ರಶ್ನೆ: ಕೊಳ್ಳದೆ ಬದುಕಬಹುದಾ?

ಪ್ರಶ್ನೆ: ನಾವಿಬ್ಬರೂ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇವೆ. ಸಾಕಾಗಿದೆ. ತೀರ್ಥಹಳ್ಳಿ ಕಡೆ ಎರಡು ಎಕರೆ ತಗೊಂಡು, ಬೇಕಾದ್ದೆಲ್ಲ ನಾವೇ ಬೆಳೆದುಕೊಂಡು, ಅಂಗಡಿ ಕಡೆ ತಲೆ ಹಾಕದೆ ಇರಬೇಕು ಅಂತ ಆಸೆ. ಆಗುತ್ತಾ?

ಉತ್ತರ: ಅಂಗಡಿಗೆ ಹೋಗುವುದನ್ನು ತುಂಬಾ ಕಮ್ಮಿ ಮಾಡಬಹುದು. ಪೂರ್ತಿ ನಿಲ್ಲಿಸಲು ಆಗುವುದಿಲ್ಲ. ಮಲೆನಾಡಿನ ಹಳೇ ಮನೆಗಳೂ ಹಾಗೆ ಬದುಕಿರಲಿಲ್ಲ. ಉಪ್ಪು ಘಟ್ಟದ ಕೆಳಗಿನಿಂದ ಬರುತ್ತಿತ್ತು, ಕಬ್ಬಿಣ, ಬಟ್ಟೆ ಪೇಟೆಯಿಂದ ಬರುತ್ತಿದ್ದವು, ಇಲ್ಲಿಂದ ಅಡಿಕೆ, ಕಾಳುಮೆಣಸು ಹೋಗುತ್ತಿದ್ದವು. ಇಬ್ಬರೇ ನಿಂತು ಎಲ್ಲವನ್ನೂ ಮಾಡಲು ಹೊರಟರೆ ಮೊದಲ ಮಳೆಗಾಲಕ್ಕೇ ಸೊಂಟ ಹಿಡಿಯುತ್ತದೆ.

ಅಲ್ಲಿನವರು ದುಡ್ಡಿಲ್ಲದೆ ಕೆಲಸ ಸಾಗಿಸಿದ್ದು ಮುಯ್ಯಾಳಿನಿಂದ. ಇವತ್ತು ನಾಲ್ಕು ಮನೆಯವರು ನಿಮ್ಮ ಗದ್ದೆಯಲ್ಲಿ ಸಸಿ ನೆಟ್ಟರೆ, ನೀವು ಆ ನಾಲ್ಕೂ ಮನೆಯ ಗದ್ದೆಗೆ ಒಂದೊಂದು ದಿನ ಇಳಿಯಬೇಕು. ಕೂಲಿ ಇಲ್ಲ, ಆ ದಿನದ ಊಟ ಮಾತ್ರ ಗದ್ದೆಯವರದ್ದು. ಈಗ ನಾಟಿ ಯಂತ್ರ ಬಂದಿದೆ, ಗದ್ದೆಗಳೇ ತೋಟ ಆಗಿವೆ, ಮುಯ್ಯಿ ಎಲ್ಲ ಊರಿನಲ್ಲೂ ಉಳಿದಿಲ್ಲ. ಉಳಿದಿರುವ ಊರಿನಲ್ಲೂ ನಿಮ್ಮನ್ನು ಸೇರಿಸಿಕೊಳ್ಳಬೇಕಾದರೆ ನೀವು ಅವರ ಕಣ್ಣಿಗೆ ಬಿದ್ದಿರಬೇಕು, ಅವರ ಮನೆಯ ಕೆಲಸಕ್ಕೆ ಒದಗಿರಬೇಕು, ಅಲ್ವಾ?

2020ರ ಭೂಸುಧಾರಣೆ ತಿದ್ದುಪಡಿಯಾದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ನಿಜ. ಆದರೆ ಮೊದಲೇ ಜಮೀನಿಗೆ ಮುಂಗಡ ಕೊಡಬೇಡಿ. ಒಂದು ಊರಿನಲ್ಲಿ ಬಾಡಿಗೆ ಮನೆ ಹಿಡಿದು ಒಂದು ಮಳೆಗಾಲ, ಒಂದು ಬೇಸಿಗೆ ಇದ್ದು ನೋಡಿ. ಅಷ್ಟರಲ್ಲಿ ಕಷ್ಟಕ್ಕೆ ಕರೆದರೆ ಬರುವ ಮೂರು ಮನೆ ನಿಮಗೆ ಸಿಕ್ಕಿದರೆ ಜಮೀನು ನೋಡಿ. ಸಿಗದಿದ್ದರೆ ಹತ್ತು ಎಕರೆ ಇದ್ದರೂ ನೀವು ಕೂಲಿ, ಗೊಬ್ಬರ, ಯಂತ್ರ ಎಲ್ಲವನ್ನೂ ಕೊಳ್ಳುತ್ತಲೇ ಇರುತ್ತೀರಿ.

ಪ್ರಶ್ನೆ: ಮನೆಯಲ್ಲಿ ಉಳಿಸಿಕೊಂಡ ಬೀಜವನ್ನು ಬೇರೆಯವರಿಗೆ ಕೊಟ್ಟರೆ ಕೇಸ್ ಹಾಕುತ್ತಾರೆ ಅಂತ ಯಾರೋ ಹೆದರಿಸಿದರು. ಹೌದಾ?

ಉತ್ತರ: ಹೆದರಬೇಡಿ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ರೈತರು ಬೀಜ ಉಳಿಸಬಹುದು, ಬಿತ್ತಬಹುದು, ಬದಲಾಯಿಸಿಕೊಳ್ಳಬಹುದು, ಹಂಚಬಹುದು, ಮಾರಲೂಬಹುದು. ಸಂರಕ್ಷಿತ ತಳಿಯ, ಅಂದರೆ ಈ ಕಾಯ್ದೆಯಡಿ ನೋಂದಣಿಯಾದ ತಳಿಯ, ಬೀಜವನ್ನು ಬ್ರ್ಯಾಂಡ್ ಹೆಸರಿನ ಚೀಟಿ ಹಚ್ಚಿ ಮಾರುವಂತಿಲ್ಲ, ಅಷ್ಟೇ. 2019ರಲ್ಲಿ ಪೆಪ್ಸಿಕೋ ಕಂಪನಿ ಗುಜರಾತಿನ ಆಲೂಗಡ್ಡೆ ರೈತರ ಮೇಲೆ ಕೇಸ್ ಹಾಕಿದಾಗ ರೈತರ ಪರವಾಗಿ ನಿಂತವರು ತೋರಿಸಿದ್ದು ಇದೇ ಸೆಕ್ಷನ್ನನ್ನು. ದೇಶದ ತುಂಬ ವಿರೋಧ ಬಂದು ಕಂಪನಿ ಕೇಸ್ ವಾಪಸ್ ತಗೊಂಡಿತು.

ಬೀಜ ಉಳಿಸುವಾಗ ಒಂದು ವಿಷಯ ನೋಡಿಕೊಳ್ಳಿ. ಅಲಸಂದೆ, ಹುರುಳಿಕಾಯಿ, ಟೊಮೆಟೊ ಬಹುಮಟ್ಟಿಗೆ ತಮ್ಮದೇ ಹೂವಿನ ಪರಾಗದಿಂದ ಕಾಯಿ ಕಟ್ಟುತ್ತವೆ, ತಳಿ ಕೆಡುವುದು ಕಮ್ಮಿ. ಸೌತೆ, ಹೀರೆ, ಕುಂಬಳ ಹಾಗಲ್ಲ. ಪಕ್ಕದಲ್ಲಿ ಇನ್ನೊಂದು ಜಾತಿಯ ಸೌತೆ ಇದ್ದರೆ ಜೇನುನೊಣ ಎರಡನ್ನೂ ಬೆರೆಸಿಬಿಡುತ್ತದೆ. ಹೈಬ್ರಿಡ್ ಬೀಜವಂತೂ ಎರಡನೇ ಸಲ ಅದೇ ಗುಣದ ಗಿಡ ಕೊಡುವುದಿಲ್ಲ, ಹಾಗಾಗಿ ನಾಟಿ ತಳಿಯನ್ನೇ ಹುಡುಕಿ. ಸಹಜ ಸಮೃದ್ಧ ಸಂಸ್ಥೆಯವರು ನಡೆಸುವ ಬೀಜ ಮೇಳಗಳಲ್ಲಿ ಸಿಗುತ್ತದೆ. ಚೆನ್ನಾಗಿ ಒಣಗಿಸಿ, ಬೂದಿ ಬೆರೆಸಿ, ಗಾಳಿ ಆಡದ ಹಾಗೆ ಮುಚ್ಚಿಡಿ. ಆಮೇಲೆ ಕಡೇಪಕ್ಷ ಮೂರು ಮನೆಗೆ ಕೊಡಿ. ನಿಮ್ಮಲ್ಲಿ ಬೆಳೆ ಹೋದ ವರ್ಷ ಅವರ ಮನೆಯಿಂದ ಅದು ನಿಮಗೆ ವಾಪಸ್ ಬರುತ್ತದೆ.

ಪ್ರಶ್ನೆ: ಬೆಂಗಳೂರಿನ ಮನೆಗೆ ಮಳೆನೀರೊಂದೇ ಸಾಕಾಗುತ್ತಾ?

ಉತ್ತರ: ಸಾಮಾನ್ಯವಾಗಿ ಇಲ್ಲ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ವರ್ಷಕ್ಕೆ 900 ಮಿಲಿಮೀಟರ್ ಅಂತ ಹಿಡಿದರೆ 100 ಚದರ ಮೀಟರ್ ತಾರಸಿಯಿಂದ 90,000 ಲೀಟರ್, ಪೋಲಾಗುವುದನ್ನು ಕಳೆದು ಸುಮಾರು 70,000. ನಾಲ್ಕು ಜನ ದಿನಕ್ಕೆ ತಲಾ 135 ಲೀಟರ್ ಬಳಸಿದರೆ ವರ್ಷಕ್ಕೆ ಎರಡು ಲಕ್ಷದ ಹತ್ತಿರ ಬೇಕು. ಮೂರನೇ ಒಂದು ಪಾಲು ಆಯಿತು. ಅದೇನು ಸಣ್ಣದಲ್ಲ! ಬೀದಿಯವರೆಲ್ಲ ಸೇರಿ ಇಂಗುಬಾವಿ ತೋಡಿಸಿದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ನಮ್ಮಮ್ಮ ಹರಿದ ಸೀರೆಯಲ್ಲಿ ಕೌದಿ ಹೊಲಿದದ್ದು ಬಡತನಕ್ಕೆ. ಈಗ ಹೊಟ್ಟೆ ತುಂಬಿದವರು ಅದನ್ನೇ ಸರಳ ಬದುಕು ಅಂತಾರೆ. ಹಳ್ಳಿಯ ಹಂಚಿಕೆ ಅಷ್ಟೊಂದು ಚೆನ್ನಾಗಿತ್ತಾ?

ಉತ್ತರ: ನಿಮ್ಮ ಸಿಟ್ಟು ಸರಿಯಾಗಿದೆ. ಮುಯ್ಯಾಳು ನಡೆಯುತ್ತಿದ್ದದ್ದು ಜಮೀನು ಇದ್ದವರ ನಡುವೆ. ಜಮೀನಿಲ್ಲದವನ ಗದ್ದೆಗೆ ಯಾರು ಮುಯ್ಯಿ ತೀರಿಸಲು ಬರಬೇಕು? ಅಂಥವರಲ್ಲಿ ಎಷ್ಟೋ ಜನ ಸಾಲಕ್ಕೆ ಜೀತ ಇದ್ದರು. ಜೀತ ಪದ್ಧತಿ ನಿಷೇಧದ ಕಾಯ್ದೆ ಬಂದಿದ್ದೇ 1976ರಲ್ಲಿ. ಕುಂಬಾರ, ಕಮ್ಮಾರ, ಅಗಸರಿಗೆ ಸುಗ್ಗಿಯಲ್ಲಿ ಕಾಳು ಕೊಡುವ ಆಯದ ಪದ್ಧತಿಯಲ್ಲೂ ದುಡ್ಡು ಇರಲಿಲ್ಲ, ಆದರೆ ಯಾರ ಕೆಲಸ ಯಾರು ಮಾಡಬೇಕು ಅನ್ನುವುದನ್ನು ಜಾತಿ ಹೇಳುತ್ತಿತ್ತು, ಎಷ್ಟು ಕೊಡಬೇಕು ಅನ್ನುವುದರಲ್ಲಿ ಕೊಡುವವನ ಮಾತೇ ಜಾಸ್ತಿ ನಡೆಯುತ್ತಿತ್ತು. ದುಡ್ಡಿನ ಕೂಲಿ ಬಂದಿದ್ದರಿಂದ ಎಷ್ಟೋ ಜನ ತಲೆ ಎತ್ತಿ ನಡೆದರು. ಅದನ್ನು ಮರೆತು ಹಳೆಯದೆಲ್ಲ ಚೆನ್ನ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಇವತ್ತು ಕೊಡುಕೊಳ್ಳುವುದು ಬೇಕು, ಆದರೆ ಬೇಡ ಅನ್ನುವ ಹಕ್ಕು ಇಬ್ಬರಿಗೂ ಇರಬೇಕು. ಸರಳ ಬದುಕಿನ ಹೆಸರು ಹೇಳಿ ಮನೆಗೆಲಸದವರ ಸಂಬಳ ಕಡಿಯುವವರೂ ಇದ್ದಾರೆ. ಅದು ಹಂಚಿಕೆ ಅಲ್ಲ, ಸುಲಿಗೆ.

ಪ್ರಶ್ನೆ: ನಮ್ಮದು ಅಪಾರ್ಟ್‌ಮೆಂಟ್. ಹೊಲ ಇಲ್ಲ, ಅಂಗಳ ಇಲ್ಲ. ಎಲ್ಲಿಂದ ಶುರು ಮಾಡೋಣ?

ಉತ್ತರ: ಊಟದ ತಟ್ಟೆಯಿಂದ. ಊರುಗಳಲ್ಲಿ ಮದುವೆಗೆ ಬೇಕಾದ ಕೊಪ್ಪರಿಗೆ, ಹಂಡೆ ದೇವಸ್ಥಾನದಲ್ಲೋ ಯುವಕ ಮಂಡಲದಲ್ಲೋ ಇರುತ್ತವೆ, ಯಾರ ಮನೆಯಲ್ಲಿ ಕಾರ್ಯವೋ ಅವರು ತಂದು, ತೊಳೆದು ವಾಪಸ್ ಇಡುತ್ತಾರೆ. ಬೆಂಗಳೂರಿನಲ್ಲಿ ಅದಮ್ಯ ಚೇತನ ಸಂಸ್ಥೆಯವರ ಪ್ಲೇಟ್ ಬ್ಯಾಂಕ್ ಸ್ಟೀಲ್ ತಟ್ಟೆ, ಲೋಟಗಳನ್ನು ಸಮಾರಂಭಗಳಿಗೆ ಕೊಡುತ್ತದೆ. ನಿಮ್ಮ ಕಟ್ಟಡದಲ್ಲೂ ನೂರು ತಟ್ಟೆ, ಒಂದು ಏಣಿ, ಒಂದು ಹೊಲಿಗೆ ಯಂತ್ರ ಸಾಕು. ಯಾರು ತಗೊಂಡರು, ಯಾವಾಗ ತಂದರು ಅಂತ ಬರೆಯುವ ಪುಸ್ತಕ ಇರಲಿ. ಕೆಟ್ಟರೆ ರಿಪೇರಿ ದುಡ್ಡು ಯಾರದ್ದು ಅನ್ನುವುದನ್ನು ಮೊದಲ ದಿನವೇ ಮಾತಾಡಿಕೊಳ್ಳಿ, ಜಗಳ ಶುರುವಾಗುವುದು ಸಾಮಾನ್ಯವಾಗಿ ಅಲ್ಲೇ. ಸಾಮಾನು ಇಟ್ಟ ಜಾಗದ ಬೀಗದ ಕೈ ಒಂದೇ ಮನೆಯಲ್ಲಿರಲಿ, ವರ್ಷಕ್ಕೊಮ್ಮೆ ಅದನ್ನು ಇನ್ನೊಂದು ಮನೆಗೆ ಕೊಡಿ.