‘ಸಾವಕಾಶ’ ಅಂದಷ್ಟೂ ತಿರುವಿನಲ್ಲಿ ತಡವರಿಕೆ

ದಾವಣಗೆರೆಯ 68 ವರ್ಷದ ಹಿರಿಯರು. ಗುರುತು ಸಿಗದಿರಲೆಂದು ಮನೆಯ ವಿವರ ಬದಲಿಸಲಾಗಿದೆ.

ಎರಡು ತಿಂಗಳ ಹಿಂದೆ ಅಡುಗೆಮನೆ ಬಾಗಿಲಲ್ಲಿ ಹಿಂದಕ್ಕೆ ತಿರುಗುವಾಗ ಬಿದ್ದಿದ್ದರು, ಮೂಳೆ ಮುರಿದಿರಲಿಲ್ಲ. ಆಮೇಲೆ ಮನೆಯವರಿಗೆಲ್ಲ ಒಂದೇ ಮಾತು, ‘ಅಪ್ಪಾಜಿ, ಸಾವಕಾಶ.’ ಅವರೂ ಸಾವಕಾಶವಾಗೇ ನಡೆದರು, ಆದರೆ ತಿರುವಲ್ಲಿ ತಡವರಿಕೆ ಹೆಚ್ಚಿತು. ‘ಮೊದ್ಲು ಮೂರ್ನಾಕು ಹೆಜ್ಜೇಲಿ ತಿರುಗೋರು, ಈಗ ಎಂಟು ಬೇಕ್ರಿ. ಪಾರ್ಕಿನ್ಸನ್ ಏನಾದ್ರೂ ಇರಬಹುದಾ?’ ಇದು ಮಗಳ ದಿಗಿಲು. (ಪಾರ್ಕಿನ್ಸನ್ ಅಂದರೆ ನಡಿಗೆ ನಿಧಾನವಾಗಿ, ಕೈ ನಡುಗುವ ನರರೋಗ.)

ಕುರ್ಚಿಯಿಂದ ಎದ್ದು 3 ಮೀಟರ್ ನಡೆದು, ತಿರುಗಿ ಬಂದು ಕೂರುವ ಪರೀಕ್ಷೆಯನ್ನು ಎರಡು ಬಗೆಯಲ್ಲಿ ಮಾಡಿಸಲಾಯಿತು. ಮನೆಯಲ್ಲಿ ನಡೆಯುವಂತೆ ನಡೆದಾಗ 21 ಸೆಕೆಂಡ್, ತಿರುವಿಗೆ 8 ಹೆಜ್ಜೆ. ‘ಸಂತೆಗೆ ಹೊರಟಂಗೆ ನಡೀರಿ’ ಎಂದಾಗ, ಅಂದರೆ ಅವರ ಸಹಜ ವೇಗದಲ್ಲಿ, 11 ಸೆಕೆಂಡ್, 5 ಹೆಜ್ಜೆ. ಸಹಜ ವೇಗದಲ್ಲಿ 12 ಸೆಕೆಂಡ್ ಮುಟ್ಟಿದರೆ ಬೀಳುವ ಅಪಾಯ ಹೆಚ್ಚು ಎಂದು ಲೆಕ್ಕ. ಬೇಕೆಂದೇ ನಿಧಾನಿಸಿದರೆ ಆರೋಗ್ಯವಂತರೂ ಗಿಡ್ಡ ಹೆಜ್ಜೆ ಇಡುತ್ತಾರೆ, ಎರಡೂ ಪಾದ ನೆಲದಲ್ಲಿರುವ ಹೊತ್ತು ಹಿಗ್ಗುತ್ತದೆ, ತಿರುವಿಗೆ ಹೆಜ್ಜೆ ಜಾಸ್ತಿ ಬೇಕಾಗುತ್ತದೆ. ಹೆಜ್ಜೆ ಎಣಿಸಿಯೇ ಕಾಯಿಲೆ ಅನ್ನುವುದು ಅವಸರವಾಗುತ್ತದೆ.

ಆದರೂ ನಿಧಾನ ನಡಿಗೆಯಲ್ಲಿ ಒಂದು ತೊಡಕು ಕಣ್ಣಿಗೆ ಬಿತ್ತು. ದೃಷ್ಟಿ ಪೂರ್ತಿ ಕಾಲ್ಬೆರಳ ಮೇಲೆ. ಸಾಮಾನ್ಯವಾಗಿ ಮೊದಲು ಕಣ್ಣು-ತಲೆ, ಆಮೇಲೆ ಭುಜ-ಸೊಂಟ, ಕೊನೆಗೆ ಪಾದ ತಿರುಗುತ್ತವೆ. ಇವರಲ್ಲಿ ಎಲ್ಲವೂ ಹಲಗೆಯ ಹಾಗೆ ಒಟ್ಟಿಗೇ. ಎಡಪಾದ ಎತ್ತದೆ ಹಿಮ್ಮಡಿಯ ಮೇಲೇ ತಿರುಚುತ್ತಿದ್ದರು. ಹವಾಯಿ ಚಪ್ಪಲಿ ಅಲ್ಲೇ ಉಳಿದು ಪಾದ ಅದರೊಳಗೆ ಹೊರಳುತ್ತಿತ್ತು. ತಿರುವಲ್ಲಿ ಮೈ ಒಳಬದಿಗೆ ವಾಲುತ್ತದೆ; ಆ ಹೊತ್ತಿಗೆ ಹೊರಗಾಲು (ತಿರುವಿನ ಹೊರಬದಿಯ ಕಾಲು) ಮುಂದೆ ಬಾರದಿದ್ದರೆ ಪಕ್ಕಕ್ಕೆ, ಸೊಂಟದ ಮೇಲೇ ಬೀಳಬಹುದು.

ಹೇಳಿದ್ದು ಇಷ್ಟು. ವೇಗ ತಗ್ಗಿಸುವುದಾದರೆ ತಿರುವಿಗೆ ಎರಡು ಹೆಜ್ಜೆ ಮುಂಚೆ, ನಡುವೆ ಅಲ್ಲ. ಹೋಗಬೇಕಾದ ಕಡೆ ಮೊದಲು ನೋಡಬೇಕು. ಜಾಗವಿದ್ದಲ್ಲಿ ನಿಂತಲ್ಲೇ ತಿರುಗದೆ ಕಮಾನಿನಂತೆ ಸುತ್ತಿ ಬರುವುದು: ಒಳಗಾಲಿನದು ಗಿಡ್ಡ ಹೆಜ್ಜೆ, ಹೊರಗಾಲಿನದು ಉದ್ದ ಹೆಜ್ಜೆ, ಕಾಲಿಗೆ ಕಾಲು ಅಡ್ಡ ಬರಬಾರದು. ಇಕ್ಕಟ್ಟಿನ ಅಡುಗೆಮನೆಯಲ್ಲಿ ಕಟ್ಟೆ ಹಿಡಿದು, ಪ್ರತಿ ಸಲ ಪಾದ ಎತ್ತಿ, ನಾಲ್ಕೈದು ಪುಟ್ಟ ಹೆಜ್ಜೆ. ಬೆಳಿಗ್ಗೆ-ಸಂಜೆ ಬಲಕ್ಕೆ ಐದು, ಎಡಕ್ಕೆ ಐದು ತಿರುವು, ಸಹಜ ವೇಗದಲ್ಲಿ, ಗೋಡೆ ಪಕ್ಕ. ಮಗಳು ಕೈ ಹಿಡಿಯದೆ ಹತ್ತಿರ ನಿಲ್ಲಬೇಕು. ಹಿಂದೆ ಪಟ್ಟಿ ಇರುವ ಚಪ್ಪಲಿ. ಬಾಗಿಲ ಕಾಲೊರಸು ಎತ್ತಿಡುವುದು.

ಮನೆಯವರಿಗೆ ಇದಕ್ಕಿಂತ ಕಷ್ಟವಾದದ್ದು ಸುಮ್ಮನಿರುವುದು. ತಿರುಗುವಾಗ ಹಿಂದಿನಿಂದ ಕೂಗಿದರೆ ಗಮನ ಒಡೆದು, ಕಾಲು ನಿಂತಲ್ಲೇ ಮೈ ಮಾತ್ರ ತಿರುಗುತ್ತದೆ. ಹೇಳಲೇಬೇಕಿದ್ದರೆ ಮುಂಚೆಯೇ ‘ಪಾದ ಎತ್ರಿ’ ಅನ್ನಿ, ‘ಸಾವಕಾಶ’ ಬೇಡ.

ಸಹಜ ವೇಗದಲ್ಲೂ ಕಾಲು ನೆಲಕ್ಕೆ ಅಂಟಿದಂತಾದರೆ, ಒಂದು ಕೈ ಬೀಸದಿದ್ದರೆ, ಕೂತಾಗ ಬೆರಳು ನಡುಗಿದರೆ ನರರೋಗ ತಜ್ಞರ ಬಳಿ ಹೋಗಲೇಬೇಕು. ಏಳುವಾಗ ಕಣ್ಣು ಕತ್ತಲೆ ಬಂದರೆ ಬಿಪಿ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಬೇಕು.

ಮೂರು ವಾರದ ನಂತರ ಬಲಕ್ಕೆ 4 ಹೆಜ್ಜೆ, ಎಡಕ್ಕಿನ್ನೂ 6. ಎಡಮೊಣಕಾಲು ತೋರಿಸಿಕೊಂಡು ಬರಲು ಹೇಳಿದೆ.