ಬಿಎಸ್‌ಡಬ್ಲ್ಯೂ ಮುಗಿಸಿದರೆ ಬೇಗ ಕೌನ್ಸೆಲರ್ ಆಗಬಹುದಾ?

ಬಿಎಸ್‌ಡಬ್ಲ್ಯೂ (ಸಮಾಜಕಾರ್ಯದ ಡಿಗ್ರಿ) ಸೇರಲಾ, ಬಿಎ ಸೈಕಾಲಜಿ ತಗೊಳ್ಳಲಾ, ಯಾವುದರಲ್ಲಿ ಬೇಗ ಕೌನ್ಸೆಲರ್ (ಆಪ್ತ ಸಮಾಲೋಚಕ) ಆಗಬಹುದು ಅಂತ ಲಿಂಗಸುಗೂರಿನಿಂದ ಕೇಳಿದ್ದೀರಿ. ಆ ‘ಬೇಗ’ ನೋಡಿ ನಗು ಬಂತು. ನಾನೂ ರಾಯಚೂರಿನಲ್ಲಿ ಬಿಎಸ್‌ಡಬ್ಲ್ಯೂ ಸೇರಿದ್ದು ಇದೇ ಆಸೆಗೆ. ಕೌನ್ಸೆಲರ್ ಆಗ್ತೀನಿ ಅಂದಾಗ ನಮ್ಮಪ್ಪ, ‘ಯಾವ ವಾರ್ಡಿಗೆ ನಿಲ್ತೀಯಲೇ?’ ಅಂದಿದ್ದರು.

ಐದನೇ ಸೆಮಿಸ್ಟರಿನ ಫೀಲ್ಡ್‌ವರ್ಕ್‌ಗೆ ದೇವದುರ್ಗದ ಕಡೆಯ ಒಂದು ಹಳ್ಳಿ ಸಿಕ್ಕಿತು. ಅಲ್ಲಿ ಒಬ್ಬ ಅಜ್ಜಿ. ಮಗ, ಸೊಸೆ ಬೆಂಗಳೂರಿಗೆ ಗುಳೆ ಹೋಗಿದ್ದರು. ಮೊಮ್ಮಗಳು ಶಾಲೆ ಬಿಟ್ಟು ಹತ್ತಿ ಬಿಡಿಸಲು ಹೋಗುತ್ತಿದ್ದಳು. ವಯಸ್ಸಾದವರಿಗೆ ಸರ್ಕಾರ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿಗೆ 65 ತುಂಬಿರಬೇಕು. ಅಜ್ಜಿಗೆ ತುಂಬಿ ಎಷ್ಟೋ ವರ್ಷವಾಗಿತ್ತು, ಅರ್ಜಿ ಹಾಕಿಸುವವರೇ ಇರಲಿಲ್ಲ. ಆಧಾರ್, ಪಾಸ್‌ಬುಕ್ಕಿನ ಜೆರಾಕ್ಸ್ ಇಸ್ಕೊಂಡೆ. ‘ಮಂಗಳವಾರ ಬರ್ತೀನಿ, ನಾಡಕಚೇರಿಗೆ ಹೋಗೋಣ’ ಅಂದೆ. ಚಹಾ ಕುಡಿದು ಬಂದೆ.

ಮತ್ತೆ ಹೋಗಲಿಲ್ಲ. ಬಸ್ಸಿಳಿದ ಮೇಲೆ ಆಟೋ ತುಂಬುವವರೆಗೆ ಕಾಯಬೇಕು, ಬಿಸಿಲು, ಇಂಟರ್ನಲ್ಸ್ ಬೇರೆ. ನಿಜ ಹೇಳಬೇಕೆಂದರೆ ಅದು ಕೌನ್ಸೆಲಿಂಗ್ ಕೆಲಸ ಅಂತ ನನಗೆ ಅನಿಸಲೇ ಇಲ್ಲ. ಅರ್ಜಿ ತುಂಬುವುದು ಏಜೆಂಟರ ಕೆಲಸ, ಅಲ್ವಾ? ಹಾಸ್ಟೆಲ್ಲಿನಲ್ಲಿ ಕೂತು ಡೈರಿಯಲ್ಲಿ ನಾಲ್ಕು ಭೇಟಿ ಬರೆದೆ. ‘ಕುಟುಂಬಕ್ಕೆ ಆಪ್ತ ಸಮಾಲೋಚನೆ ನೀಡಲಾಯಿತು.’ ಬೇರೆ ಬೇರೆ ಪೆನ್ನಿನಲ್ಲಿ ಬರೆದಿದ್ದೆ, ಅಷ್ಟು ಜಾಣ.

ನಮ್ಮ ಮೇಡಂ ಯಾರಿಗೂ ಹೇಳದೆ ಆ ಮನೆಗೆ ಹೋದರು. ಅಜ್ಜಿ ನನ್ನ ಮೇಲೆ ದೂರು ಹೇಳಲಿಲ್ಲವಂತೆ. ‘ಹುಡುಗ ಚಲೋ ಇದಾನ್ರಿ. ಮಂಗಳವಾರ ಅಂದಿದ್ದ. ಯಾ ಮಂಗಳವಾರ ಅಂತ ನಾನ ಕೇಳಲಿಲ್ಲ’ ಅಂದಳಂತೆ. ಆರು ವಾರ ಪ್ರತಿ ಮಂಗಳವಾರ ಕೂಲಿ ಬಿಟ್ಟು ಮನೆಯಲ್ಲೇ ಕೂತಿದ್ದಳು. ಆರು ದಿನದ ಕೂಲಿ. ಜೆರಾಕ್ಸ್ ಇನ್ನೂ ನನ್ನ ಬ್ಯಾಗಿನಲ್ಲೇ ಇತ್ತು.

ಫೀಲ್ಡ್‌ವರ್ಕ್ ಫೇಲ್, ಒಂದು ವರ್ಷ ಹೋಯಿತು. ಜೊತೆಯವರು ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಸೇರಿದಾಗ ನಾನು ಅದೇ ಹಳ್ಳಿಯ ಬಸ್ಸಿನಲ್ಲಿದ್ದೆ. ಡೈರಿಯ ಸುಳ್ಳಿಗೆ ಶಿಕ್ಷೆ ಆಯಿತು, ಅದು ಮುಗಿದ ಕಥೆ. ಆದರೆ ಬರುವ ಮನಸ್ಸು ಗಟ್ಟಿ ಇಲ್ಲದೆ ವಾರದ ಹೆಸರು ಹೇಳಿದೆನಲ್ಲ, ಅದು ಇವತ್ತಿಗೂ ಚುಚ್ಚುತ್ತದೆ. ‘ನೋಡೋಣ ಅಜ್ಜಿ’ ಅಂದಿದ್ದರೆ ಅವಳು ಕೆಲಸಕ್ಕೆ ಹೋಗುತ್ತಿದ್ದಳು.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮೂರು ವರ್ಷದ ಡಿಗ್ರಿ ಯಾವುದೇ ಇರಲಿ, ಸಾಮಾನ್ಯವಾಗಿ ಅದೊಂದರಿಂದಲೇ ಕೌನ್ಸೆಲರ್ ಆಗುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ (ಮಾನಸಿಕ ಕಾಯಿಲೆ ಇರುವವರು, ಅವರ ಮನೆಯವರ ಜೊತೆ ಕೆಲಸ ಮಾಡುವ ಸಮಾಜಕಾರ್ಯಕರ್ತ) ಅನಿಸಿಕೊಳ್ಳಲು ಎಂಎಸ್‌ಡಬ್ಲ್ಯೂ ಆದ ಮೇಲೂ ಎರಡು ವರ್ಷದ ಎಂಫಿಲ್ ಬೇಕು. ಹಾಗಾಗಿ ‘ಯಾವುದು ಬೇಗ’ ಅನ್ನುವ ಲೆಕ್ಕವೇ ತಪ್ಪು. ಸೈಕಾಲಜಿ ಕೆಟ್ಟದ್ದಲ್ಲ, ಆದರೆ ನಾನಾದರೆ ಮತ್ತೆ ಬಿಎಸ್‌ಡಬ್ಲ್ಯೂನೇ ಸೇರುತ್ತೇನೆ. ಸೇರುವ ಮೊದಲು ಒಂದು ಬೆಳಗ್ಗೆ ನಿಮ್ಮ ಹೋಬಳಿಯ ನಾಡಕಚೇರಿ ಮುಂದೆ ಸುಮ್ನೆ ಕೂತು ನೋಡಿ. ಅಲ್ಲಿ ಬೇಜಾರಾಗಿ ಎದ್ದು ಬಂದರೆ ಈ ಕೋರ್ಸ್ ಬೇಡ. ಹೋದವರು ಹಾಗೇ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಸಿಗುವ 371ಜೆ ಸರ್ಟಿಫಿಕೇಟಿಗೂ ಅರ್ಜಿ ಕೊಟ್ಟು ಬನ್ನಿ, ಅಡ್ಮಿಷನ್ ಹೊತ್ತಿಗೆ ಓಡಾಡುವುದು ತಪ್ಪುತ್ತದೆ.